ಒಳಕೋಣೆಯ ಗಾಳಿ

1999ರ ಚಳಿಗಾಲದಲ್ಲಿ ಮೂರು ತಿಂಗಳು ನಮ್ಮ ಮೈಸೂರಿನ ಮನೆಯ ಮಲಗುವ ಕೋಣೆಯಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ತೂಗಾಡುತ್ತಿತ್ತು. ಪಕ್ಕದ ಬೀದಿಯ ಹುಡುಗಿ, ಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದವಳು, ಒಂದು ಸಂಜೆ ಬಂದು ಸ್ಟೂಲು ಕೇಳಿದಳು. ಗೋಡೆಯಿಂದ ಒಂದು ಮೊಳ ಈಚೆಗೆ, ತಲೆಗೆ ತಾಗದ ಎತ್ತರದಲ್ಲಿ, ಫ್ಯಾನಿನ ಕೊಕ್ಕೆಗೆ ದಾರ ಕಟ್ಟಿ ಅದನ್ನು ಇಳಿಬಿಟ್ಟಳು.

"ಮುಟ್ಟಬೇಡಿ ಆಂಟಿ, ಧೂಳು ಒರೆಸೋದೂ ಬೇಡ. ನೀವು ಯಾವಾಗಲೂ ಇರೋ ಹಾಗೆ ಇರಿ. ಕಿಟಕಿ ತೆಗೆಯೋ ಅಭ್ಯಾಸ ಇದ್ದರೆ ತೆಗೀರಿ, ಮುಚ್ಚೋ ಅಭ್ಯಾಸ ಇದ್ದರೆ ಮುಚ್ಚಿ."

"ಕರೆಂಟು ಬೇಡವೇನಮ್ಮಾ ಇದಕ್ಕೆ?"

"ಕರೆಂಟೂ ಬೇಡ, ಬ್ಯಾಟರಿನೂ ಬೇಡ. ಅದು ಏನೂ ಮಾಡೋದಿಲ್ಲ. ಸುಮ್ಮನೆ ಇರುತ್ತೆ ಅಷ್ಟೆ."

ಸುಮ್ಮನೆ ಇರುವುದಕ್ಕೂ ಈಗ ಪಿಎಚ್.ಡಿ. ಕೊಡುತ್ತಾರೆಯೇ ಎಂದು ನಮ್ಮ ಮನೆಯವರು ಪೇಪರಿನ ಮರೆಯಿಂದಲೇ ಕೇಳಿದರು. ಹುಡುಗಿ ನಕ್ಕಳು. ನಾನು ನಗಲಿಲ್ಲ. ಆ ಡಬ್ಬಿ ಅಳೆಯುವುದು ಮನೆಯೊಳಗಿನ ಗಾಳಿಯನ್ನು, ಆ ಗಾಳಿಯಲ್ಲಿರುವ ರೇಡಾನ್ ಎಂಬ ಅನಿಲ ಶ್ವಾಸಕೋಶದ ಕ್ಯಾನ್ಸರಿಗೆ ಒಂದು ಕಾರಣ ಎಂದು ಅವಳು ಹೇಳಿದ್ದಳಲ್ಲ, ಆ ಮಾತಿನ ಬೆನ್ನಿಗೇ ನನಗೆ ಬೆಳಕವಾಡಿಯ ಚಿಕ್ಕವ್ವ ನೆನಪಾಗಿದ್ದಳು.

ಬೆಳಕವಾಡಿ ನನ್ನ ತಾಯಿಯ ತವರು. ಮಳವಳ್ಳಿ ತಾಲ್ಲೂಕಿನಲ್ಲಿ, ಶಿವನಸಮುದ್ರಕ್ಕೆ ಸಮೀಪ. ಮೈಸೂರಿನಿಂದ ಮಳವಳ್ಳಿಗೆ ಹೋಗಿ ಬಸ್ಸು ಬದಲಿಸಬೇಕು. ಅಜ್ಜಿಯ ಮನೆ ಮಣ್ಣುಗೋಡೆಯ ತೊಟ್ಟಿಮನೆ. ತೊಟ್ಟಿಯಲ್ಲಿ ಬೇಕಾದಷ್ಟು ಬಿಸಿಲು, ಗಾಳಿ. ಆದರೆ ಅಡುಗೆಮನೆ ದಾಟಿದರೆ ಒಂದು ಒಳಕೋಣೆ. ಅದಕ್ಕೆ ಕಿಟಕಿಯೇ ಇರಲಿಲ್ಲ. ರಾಗಿ ವಾಡೆ, ಬೆಲ್ಲದ ಪಿಂಡಿ, ಬಾಣಂತಿಯ ಮಂಚ ಎಲ್ಲ ಅಲ್ಲೇ. ನೆಲಕ್ಕೆ ಸಗಣಿ ಸಾರಿಸುತ್ತಿದ್ದರು. ಎಷ್ಟು ಸಾರಿಸಿದರೂ ಬೇಸಿಗೆಗೆ ಬಿರುಕು ಬಿಡುತ್ತಿತ್ತು. ಗಂಡ ಸತ್ತು ಇಪ್ಪತ್ತೆರಡಕ್ಕೇ ತವರಿಗೆ ಮರಳಿದ ಚಿಕ್ಕವ್ವನಿಗೆ ಮನೆಯವರು ಕೊಟ್ಟದ್ದು ಆ ಕೋಣೆ. ಮೂವತ್ತು ವರ್ಷ ಅವಳು ಅಲ್ಲಿ ಮಲಗಿದಳು. ಹಗಲೆಲ್ಲ ಪಕ್ಕದ ಒಲೆಯ ಮುಂದೆ ಊದುಗೊಳವೆ ಹಿಡಿದು ಕೂರುತ್ತಿದ್ದಳು. 1988ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡಳು. ದೊಡ್ಡಾಸ್ಪತ್ರೆಯ ಡಾಕ್ಟರು ಮೊದಲು ಕೇಳಿದ್ದು, "ಬೀಡಿ ಸೇದುತ್ತಿದ್ದರಾ?" ಅಂತ. ಎಲೆ ಅಡಿಕೆಗೆ ಹೊಗೆಸೊಪ್ಪು ಸಹ ಮುಟ್ಟದವಳ ಬಗ್ಗೆ ಈ ಪ್ರಶ್ನೆ ಕೇಳಿ ನಮ್ಮ ಸೋದರಮಾವ ತಲೆ ತಗ್ಗಿಸಿದ. ಜಗಲಿಯ ಮೇಲೆ ಕೂತು ದಿನಕ್ಕೆ ಎರಡು ಕಟ್ಟು ಬೀಡಿ ಸೇದುತ್ತಿದ್ದವನು ಅವನು.

ಹನ್ನೊಂದು ವರ್ಷದ ಮೇಲೆ ಈ ಹುಡುಗಿ ಬಂದು, ಮನೆಯ ಗಾಳಿ ಎಂದಳು.

ರೇಡಾನ್ ಎಂದರೇನು ಎಂದು ನಾನು ತಿಳಿದುಕೊಂಡದ್ದು ಹೀಗೆ. ಕಲ್ಲು, ಮಣ್ಣು, ಇಟ್ಟಿಗೆ ಎಲ್ಲದರಲ್ಲೂ ಒಂದಿಷ್ಟು ಯುರೇನಿಯಂ ಇರುತ್ತದೆ. ಮಂಡ್ಯ, ಮೈಸೂರು ಸೀಮೆಯ ನೆಲದಡಿಯ ನೈಸ್ ಶಿಲೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅಂದಿನಿಂದ ಆ ಯುರೇನಿಯಂ ಒಂದೊಂದೇ ಅಣುವಾಗಿ ಒಡೆಯುತ್ತಲೇ ಇದೆ. ಒಡೆದು ಒಡೆದು ರೇಡಿಯಂ ಆಗುತ್ತದೆ, ರೇಡಿಯಂ ಒಡೆದರೆ ರೇಡಾನ್. ಅಲ್ಲಿಯವರೆಗೆ ಕಲ್ಲಿನೊಳಗೆ ಕೂತಿದ್ದದ್ದು ಈಗ ಅನಿಲವಾಗಿ ಹೊರಗೆ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಗಾಳಿಗಿಂತ ಏಳು ಪಟ್ಟಿಗೂ ಹೆಚ್ಚು ಭಾರ. ಬಯಲಿನಲ್ಲಿ ಚದುರಿಹೋಗುತ್ತದೆ. ನೆಲದ ಬಿರುಕಿನಿಂದ ಮನೆಯೊಳಗೆ ಬಂದರೆ ಬಾಗಿಲು ತೆಗೆಯುವ ತನಕ ಅಲ್ಲೇ. ಆಯಸ್ಸು ಕಡಿಮೆ, ಇವತ್ತಿದ್ದದ್ದರಲ್ಲಿ ಅರ್ಧ ನಾಲ್ಕು ದಿನದೊಳಗೆ ಒಡೆದುಹೋಗುತ್ತದೆ. ನಿಜವಾದ ತೊಂದರೆ ಆಮೇಲಿನದು. ರೇಡಾನ್ ಒಡೆದು ಹುಟ್ಟುವ ಪೊಲೋನಿಯಂನಂಥ ಕಣಗಳು ಧೂಳಿಗೆ ಅಂಟಿಕೊಂಡು ಉಸಿರಿನ ಜೊತೆ ಒಳಹೋಗಿ, ಶ್ವಾಸಕೋಶದಲ್ಲೇ ಕೂತು ಆಲ್ಫಾ ಕಣಗಳನ್ನು ಸಿಡಿಸುತ್ತವೆ. ಈ ಕಣಗಳಿಗೆ ವಿಜ್ಞಾನಿಗಳು ಬಹಳ ಕಾಲ ಇಟ್ಟಿದ್ದ ಹೆಸರು 'ರೇಡಾನ್‌ನ ಹೆಣ್ಣುಮಕ್ಕಳು'. ಕೆಡಕು ಮಾಡುವುದಕ್ಕೆ ಹೆಣ್ಣುಮಕ್ಕಳೇ ಬೇಕಾಯಿತೇ ಎಂದು ನಾನು ಕೇಳಿದೆ. ಈಗ 'ಸಂತತಿ' ಅಂತ ಬದಲಾಯಿಸಿದ್ದಾರೆ ಆಂಟಿ ಎಂದಳು ಹುಡುಗಿ, ತಾನೇ ಬದಲಾಯಿಸಿದವಳ ಹಾಗೆ.

ಮನೆಯ ಗಾಳಿ ಎಂಬುದು ಹೊತ್ತಿಗೊಂದು ಥರ. ರೇಡಾನ್ ಬೆಳಗಿನ ಜಾವಕ್ಕೆ ಏರುತ್ತದೆ, ಬಿಸಿಲೇರಿದಂತೆ ಇಳಿಯುತ್ತದೆ. ಚಳಿಗಾಲದಲ್ಲಿ ಕದ ಮುಚ್ಚುವುದರಿಂದ ಸಾಮಾನ್ಯವಾಗಿ ಹೆಚ್ಚು. ಕರೆಂಟಿನ ಯಂತ್ರ ತಂದು ಒಂದು ಗಂಟೆ ಅಳೆದು ಹೋಗುವುದೆಂದರೆ ಒಂದೇ ಹೊತ್ತು ಉಂಡು ಅಡುಗೆಯವಳ ಕೈರುಚಿಗೆ ತೀರ್ಪು ಕೊಟ್ಟಂತೆ. ಆದ್ದರಿಂದಲೇ ಸುಮ್ಮನಿರುವ ಡಬ್ಬಿ. ಅದರೊಳಗೆ ಎಲ್.ಆರ್.-115 ಎಂಬ ಕೆಂಪು ಫಿಲ್ಮಿನ ಚೂರುಗಳಿರುತ್ತವೆ. ಆಲ್ಫಾ ಕಣ ಬಡಿದಲ್ಲೆಲ್ಲ ಅದರ ಮೇಲೆ ಕಣ್ಣಿಗೆ ಕಾಣದ ಗಾಯವಾಗುತ್ತದೆ. ತೊಂಬತ್ತು ದಿನದ ಮೇಲೆ ಫಿಲ್ಮನ್ನು ಬಿಸಿ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಅದ್ದಿಟ್ಟರೆ ಗಾಯಗಳು ತೂತುಗಳಾಗುತ್ತವೆ. ನುಸಿ ಹೊಡೆದ ರೇಷ್ಮೆ ಸೀರೆಯನ್ನು ಬೆಳಕಿಗೆ ಹಿಡಿದು ನೋಡುತ್ತೇವಲ್ಲ, ಹಾಗೆ. ತೂತುಗಳನ್ನು ಎಣಿಸಿದರೆ ಮೂರು ತಿಂಗಳ ಲೆಕ್ಕ ಸಿಕ್ಕಿತು.

ಗಾಮಾ ಕಿರಣಕ್ಕೆ ಬೇರೆ ಏರ್ಪಾಡು. ಗೋಡೆಗಳಿಂದಲೂ ಆಕಾಶದಿಂದಲೂ ಬರುವ ಈ ಕಿರಣವನ್ನು ಕ್ಯಾಲ್ಸಿಯಂ ಸಲ್ಫೇಟಿನ ಒಂದು ಬಿಲ್ಲೆ ತನ್ನೊಳಗೆ ಕೂಡಿಟ್ಟುಕೊಳ್ಳುತ್ತದೆ. ಪ್ರಯೋಗಶಾಲೆಗೆ ಒಯ್ದು ಬಿಸಿ ಮಾಡಿದರೆ ಕೂಡಿಟ್ಟದ್ದನ್ನು ಬೆಳಕಾಗಿ ಬಿಟ್ಟುಕೊಡುತ್ತದೆ. ಎಷ್ಟು ಬೆಳಕೋ ಅಷ್ಟು ವಿಕಿರಣ.

ಈ ಸುಮ್ಮನಿರುವ ಅಳತೆಯ ಕತೆ ಶುರುವಾದದ್ದೇ ಒಂದು ಮೇಜಿನ ಡ್ರಾಯರಿನಲ್ಲಿ. 1896ರ ಫೆಬ್ರವರಿ ಕೊನೆಯಲ್ಲಿ ಪ್ಯಾರಿಸ್ಸಿನಲ್ಲಿ ಮೋಡ ಕವಿದಿತ್ತು. ಯುರೇನಿಯಂ ಲವಣವನ್ನು ಬಿಸಿಲಿಗಿಟ್ಟು ಪರೀಕ್ಷಿಸಬೇಕೆಂದಿದ್ದ ಹೆನ್ರಿ ಬೆಕರೆಲ್, ಕಪ್ಪು ಕಾಗದ ಸುತ್ತಿದ ಫೋಟೋ ಫಲಕದ ಜೊತೆ ಅದನ್ನು ಡ್ರಾಯರಿನೊಳಗಿಟ್ಟು ಬಿಸಿಲಿಗೆ ಕಾದ. ಬಿಸಿಲು ಬರಲಿಲ್ಲ. ಮಾರ್ಚ್ 1ರಂದು ಫಲಕವನ್ನು ತೊಳೆದು ನೋಡಿದರೆ ಕತ್ತಲಲ್ಲೇ ಅಚ್ಚು ಮೂಡಿತ್ತು. ಇಂದು ವಿಕಿರಣದ ಅಳತೆಗೆ ಅವನ ಹೆಸರೇ ಇದೆ. ಒಂದು ಸೆಕೆಂಡಿಗೆ ಒಂದು ಅಣು ಒಡೆದರೆ ಒಂದು ಬೆಕರೆಲ್.

ಬೆಕರೆಲ್ ಹೆಸರು ಪಠ್ಯಪುಸ್ತಕದಲ್ಲಿದೆ. ಹ್ಯಾರಿಯೆಟ್ ಬ್ರೂಕ್ಸ್ ಹೆಸರು ನಾನು ಓದಿದ ಯಾವ ಪಠ್ಯದಲ್ಲೂ ಇರಲಿಲ್ಲ. ಕೆನಡಾದ ಹುಡುಗಿ, ರುದರ್‌ಫರ್ಡ್‌ನ ಶಿಷ್ಯೆ. ರೇಡಿಯಂನಿಂದ ಹೊಮ್ಮುವುದು ಒಂದು ಭಾರವಾದ ಅನಿಲ ಎಂಬುದನ್ನು 1901ರಲ್ಲಿ ಗುರುವಿನ ಜೊತೆ ತೋರಿಸಿಕೊಟ್ಟವಳು ಇವಳು. ನಮ್ಮ ಒಳಕೋಣೆಯ ಅತಿಥಿಯ ಗುರುತು ಹಿಡಿದವರಲ್ಲಿ ಒಬ್ಬಳು ಎನ್ನಿ. 1906ರಲ್ಲಿ ನ್ಯೂಯಾರ್ಕಿನ ಬಾರ್ನಾರ್ಡ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ ಮದುವೆ ನಿಶ್ಚಯವಾಯಿತು. ಮದುವೆಯಾಗುವವಳು ಕೆಲಸ ಬಿಡಬೇಕೆಂದರು ಕಾಲೇಜಿನವರು. ಬಿಡುವುದೇಕೆ ಎಂದು ಇವಳು ವಾದಿಸಿದಳು. ಕೊನೆಗೆ ನಿಶ್ಚಿತಾರ್ಥವೂ ಮುರಿಯಿತು, ಕೆಲಸವೂ ಹೋಯಿತು. ಮರುವರ್ಷ ಬೇರೊಬ್ಬನನ್ನು ಮದುವೆಯಾಗಿ ಭೌತಶಾಸ್ತ್ರವನ್ನೇ ಬಿಟ್ಟಳು. 1933ರಲ್ಲಿ, ಐವತ್ತಾರಕ್ಕೆ, ತೀರಿಕೊಂಡಳು. ಅಮೆರಿಕದ ಮಾತೇನೋ ಆಯಿತು. ನಮ್ಮಲ್ಲಿ ಎಷ್ಟು ಎಂ.ಎಸ್ಸಿ.ಗಳು ಒಗ್ಗರಣೆ ಹಾಕುತ್ತಿಲ್ಲ?

ಅನಿಲಕ್ಕೆ ಹೆಸರು ಬರುವ ಮೊದಲೇ ಅದರ ಕೆಲಸ ಜನಕ್ಕೆ ಗೊತ್ತಿತ್ತು. ಮಧ್ಯ ಯೂರೋಪಿನ ಗಣಿಗಳ ಬಗ್ಗೆ ಅಗ್ರಿಕೋಲ ಎಂಬ ವೈದ್ಯ ಬರೆದ ದೊಡ್ಡ ಪುಸ್ತಕ 1556ರಲ್ಲಿ ಅಚ್ಚಾಯಿತು. ಕಾರ್ಪಾಥಿಯನ್ ಬೆಟ್ಟಗಳ ಗಣಿಯೂರುಗಳಲ್ಲಿ ಏಳು ಗಂಡಂದಿರನ್ನು ಮದುವೆಯಾದ ಹೆಂಗಸರಿದ್ದಾರೆ, ಏಳು ಜನರನ್ನೂ ಎದೆಯ ರೋಗ ಒಯ್ದಿದೆ ಎಂದು ಅವನು ಬರೆದಿಟ್ಟಿದ್ದಾನೆ. ಗಣಿಯ ಧೂಳು, ಅನಿಲ ಎಲ್ಲ ಸೇರಿ ಮಾಡಿದ ಕೆಲಸ ಅದು. ಆ ಹೆಂಗಸರನ್ನು ಬಹುಶಃ ಊರು ಕಾಲ್ಗುಣದವರೆಂದು ಕರೆದಿರಬೇಕು. ಚಿಕ್ಕವ್ವನಿಗೆ ಒಬ್ಬ ಗಂಡ ಹೋದದ್ದಕ್ಕೇ ಆ ಹೆಸರು ಬಂದಿತ್ತು. ಸ್ಯಾಕ್ಸನಿಯ ಷ್ನೀಬರ್ಗ್ ಗಣಿಗಾರರ ರೋಗ ಶ್ವಾಸಕೋಶದ ಗಡ್ಡೆ ಎಂದು ಇಬ್ಬರು ವೈದ್ಯರು 1879ರಲ್ಲಿ ಹೇಳಿದರು. ಅದಕ್ಕೆ ರೇಡಾನ್ ಕಾರಣವೆಂದು ಗಟ್ಟಿಯಾಗುವುದಕ್ಕೆ ಇನ್ನೂ ಬಹಳ ವರ್ಷ ಹಿಡಿಯಿತು.

ಗಣಿಯ ಮಾತು ಬಂದರೆ ಬೆಳಕವಾಡಿಯವರು ಸುಮ್ಮನಿರುವುದಿಲ್ಲ. ಕೋಲಾರದ ಚಿನ್ನ ತೆಗೆದದ್ದು ನಮ್ಮ ನೀರು ಎನ್ನುತ್ತಿದ್ದ ನಮ್ಮ ತಾತ. ಸುಳ್ಳಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕೆಲಸ ಹಿಡಿದ ಶಿವನಸಮುದ್ರದ ವಿದ್ಯುದಾಗಾರ, ನಾವೆಲ್ಲ ಬ್ಲಫ್ ಎನ್ನುವುದು, 1902ರ ಜೂನ್ 30ರಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿತು. 1905ರಲ್ಲಿ ಬೆಂಗಳೂರಿಗೂ ಹೋಯಿತು. ಕೂಗಳತೆಯಲ್ಲಿದ್ದ ಅಜ್ಜಿಯ ಮನೆಯಲ್ಲಿ ನಾನು ಚಿಕ್ಕವಳಿದ್ದಾಗಲೂ ಸೀಮೆಎಣ್ಣೆ ಬುಡ್ಡಿಯೇ. ಊರ ಹೆಸರಿನಲ್ಲಿ ಮಾತ್ರ ಬೆಳಕು.

ಆ ಗಣಿಯ ಆಳಕ್ಕೆ ವಿಜ್ಞಾನಿಗಳೂ ಇಳಿದರು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಅವರನ್ನು ಹೋಮಿ ಭಾಭಾ 1951ರಲ್ಲಿ ಅಲ್ಲಿಗೆ ಕಳಿಸಿದ್ದು ಆಕಾಶದಿಂದ ಬರುವ ಕಿರಣಗಳು ನೆಲದೊಳಗೆ ಎಷ್ಟು ದೂರ ಇಳಿಯುತ್ತವೆ ಎಂದು ನೋಡುವುದಕ್ಕೆ. 1965ರಲ್ಲಿ 2.3 ಕಿಲೋಮೀಟರ್ ಆಳದಲ್ಲಿ ನ್ಯೂಟ್ರಿನೋ ಎಂಬ ಕಣದ ಗುರುತು ಸಿಕ್ಕಿತು. ಕೋಲಾರದ ಪ್ರಯೋಗಗಳಲ್ಲಿ ಮುಂದೆ ಕೈಜೋಡಿಸಿದವರಲ್ಲಿ ಬಿಭಾ ಚೌಧುರಿ ಎಂಬ ಬಂಗಾಳದ ಮಹಿಳೆಯೂ ಒಬ್ಬರು. ಇವರು ತಾರುಣ್ಯದಲ್ಲಿ ಡಾರ್ಜಿಲಿಂಗಿನ ಬೆಟ್ಟಗಳ ಮೇಲೆ ಫೋಟೋ ಫಲಕಗಳನ್ನು ತಿಂಗಳುಗಟ್ಟಲೆ ಸುಮ್ಮನೆ ಇಟ್ಟು, ಹಾದುಹೋದ ಕಣಗಳ ಗೀರುಗಳನ್ನು ಓದಿದವರು. ಯುದ್ಧದ ಕಾಲದಲ್ಲಿ ಒಳ್ಳೆಯ ಫಲಕ ಸಿಗದೆ ಕೆಲಸ ನಿಂತಿತು. ಅದೇ ಬಗೆಯ ವಿಧಾನದಿಂದ ಇಂಗ್ಲೆಂಡಿನ ಪೊವೆಲ್ 1950ರಲ್ಲಿ ನೊಬೆಲ್ ಪಡೆದ. ಕೋಲಾರದ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಸಿಲಿಕೋಸಿಸ್ಸಿನಿಂದ ಕೆಮ್ಮುತ್ತ ಹೋದ ಗಂಡಸರ ಹೆಂಡತಿಯರ ಕತೆ ಬೇರೆಯೇ ಬರೆಯಬೇಕು.

ಇಷ್ಟೂ ಕಾಲ ಅಪಾಯವೆಂದರೆ ಗಣಿ, ಕಾರ್ಖಾನೆ, ಸ್ಥಾವರ. ಗಂಡಸರು ಬುತ್ತಿ ಕಟ್ಟಿಸಿಕೊಂಡು ಹೋಗುವ ಜಾಗಗಳು. ಕರ್ನಾಟಕದ ನಮ್ಮಂಥವರು ವಿಕಿರಣ ಎಂಬ ಮಾತನ್ನು ಗಮನವಿಟ್ಟು ಕೇಳಿದ್ದೇ ಕೈಗಾ ಅಣುಸ್ಥಾವರದ ವಿವಾದದಲ್ಲಿ. ಶಿವರಾಮ ಕಾರಂತರು 1989ರಲ್ಲಿ ಆ ವಯಸ್ಸಿನಲ್ಲಿ ಚುನಾವಣೆಗೇ ನಿಂತರು. 1994ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದ ಸ್ಥಾವರದ ಗುಮ್ಮಟದ ಒಳಭಾಗ ಕುಸಿಯಿತು. ಸ್ಥಾವರ ಶುರುವಾಗುವ ಮೊದಲೇ ಅಲ್ಲಿನ ಮಣ್ಣು, ನೀರು, ಗಾಳಿಯಲ್ಲಿ ಎಷ್ಟು ವಿಕಿರಣವಿತ್ತು ಎಂಬುದನ್ನು ಮಂಗಳೂರು ವಿಶ್ವವಿದ್ಯಾನಿಲಯದವರು 1990ರ ದಶಕದಲ್ಲಿ ಅಳೆದಿಟ್ಟರು. ನಾಳೆ ಹೆಚ್ಚಾದರೆ ಯಾವುದಕ್ಕಿಂತ ಹೆಚ್ಚು ಎಂದು ಹೇಳಲು ಒಂದು ಲೆಕ್ಕ ಬೇಕಲ್ಲ? ಈ ಎಚ್ಚರಿಕೆ ನನಗೆ ಮೆಚ್ಚಿಗೆಯಾಯಿತು. ಆದರೆ ಮನೆ? ಮನೆಯ ಮೇಲೆ ಯಾರಿಗೆ ಅನುಮಾನ?

ಅನುಮಾನ ಬಂದದ್ದು ಒಂದು ತಮಾಷೆಯ ಹಾಗೆ. 1984ರ ಡಿಸೆಂಬರಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಇನ್ನೂ ಪೂರ್ತಿ ಚಾಲೂ ಆಗಿರದ ಒಂದು ಅಣುಸ್ಥಾವರದ ಎಂಜಿನಿಯರ್ ಸ್ಟ್ಯಾನ್ಲಿ ವಾಟ್ರಸ್ ತಪಾಸಣೆ ಯಂತ್ರದ ಮುಂದೆ ನಿಂತಾಗಲೆಲ್ಲ ಅದು ಕೂಗಿಕೊಳ್ಳುತ್ತಿತ್ತು. ಎಲ್ಲಿಂದ ಅಂಟಿಸಿಕೊಂಡ ಎಂದು ಯಾರಿಗೂ ತಿಳಿಯಲಿಲ್ಲ. ಒಂದು ಬೆಳಿಗ್ಗೆ ಮನೆಯಿಂದ ಬಂದವನೇ, ಸ್ಥಾವರದೊಳಗೆ ಕೆಲಸಕ್ಕೆ ಹೋಗುವ ಮೊದಲೇ ಯಂತ್ರದ ಮುಂದೆ ನಿಂತ. ಆಗಲೂ ಕೂಗಿತು. ಸ್ಥಾವರದಿಂದ ಮನೆಗೆ ಒಯ್ಯುತ್ತಿರಲಿಲ್ಲ ಅವನು, ಮನೆಯಿಂದಲೇ ತರುತ್ತಿದ್ದ! ಅಳೆದು ನೋಡಿದರೆ ಮನೆಯ ಗಾಳಿಯಲ್ಲಿ ಘನ ಮೀಟರಿಗೆ ಸುಮಾರು ಒಂದು ಲಕ್ಷ ಬೆಕರೆಲ್. ಇಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 100 ಸಾಕು, ಆಗದಿದ್ದರೆ 300 ಮೀರದಿರಲಿ ಎಂದು. ವಾಟ್ರಸ್ ಹೆಂಡತಿ ಮಕ್ಕಳನ್ನು ಕರೆದುಕೊಂಡು ಮನೆ ಬಿಟ್ಟ. ಆಮೇಲೆ ನೆಲದಡಿಯ ಗಾಳಿಯನ್ನು ಕೊಳವೆ, ಫ್ಯಾನು ಹಾಕಿ ಹೊರಗೆ ತಳ್ಳುವ ಏರ್ಪಾಡಾಗಿ, ಅದೇ ಮನೆಗೆ ಮರಳಿದ. ನನಗೆ ಕಾಡುವುದು ಅವನಲ್ಲ. ಅವನಿಗಾದರೂ ಕೂಗುವ ಯಂತ್ರವಿತ್ತು. ಹಗಲೂ ಮನೆಯಲ್ಲೇ ಇದ್ದ ಹೆಂಡತಿಗೆ ಯಾವ ಯಂತ್ರ ಕೂಗುತ್ತಿತ್ತು?

ಮನುಷ್ಯ ದಿನದ ನೂರರಲ್ಲಿ ಎಂಬತ್ತು ಪಾಲು ಸೂರಿನಡಿ ಇರುತ್ತಾನೆ ಎಂದು ಈ ಲೆಕ್ಕಗಳಲ್ಲೆಲ್ಲ ಹಿಡಿಯುತ್ತಾರೆ. ಚಿಕ್ಕವ್ವನ ಲೆಕ್ಕ ಹಾಕಿದರೆ ಎಂಬತ್ತಕ್ಕೆ ನಿಲ್ಲುವುದಿಲ್ಲ. ಜಗತ್ತಿನ ಸರಾಸರಿ ಮನುಷ್ಯನಿಗೆ ಪ್ರಕೃತಿಯಿಂದ ವರ್ಷಕ್ಕೆ ಸಿಗುವ ವಿಕಿರಣ 2.4 ಮಿಲಿಸೀವರ್ಟ್, ಅದರಲ್ಲಿ ಅರ್ಧದಷ್ಟು ರೇಡಾನ್ ಮತ್ತು ಅದರ ಸಂತತಿಯದೇ. ಚಿಕ್ಕವ್ವ ಸತ್ತ 1988ರಲ್ಲೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರೇಡಾನನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಗೆ ಸೇರಿಸಿತು.

ನಮ್ಮ ದೇಶದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದವರು ಊರೂರುಗಳ ಗಾಮಾ ವಿಕಿರಣವನ್ನೂ ಮುಂದೆ ಮನೆಗಳ ರೇಡಾನನ್ನೂ ಅಳೆಯುವ ಕೆಲಸ ಹಿಡಿದರು. ಹಲವು ವಿಶ್ವವಿದ್ಯಾನಿಲಯಗಳು ಕೈಜೋಡಿಸಿದವು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಿ. ವೆಂಕಟರಾಮಯ್ಯ, ಎಲ್. ಪರಮೇಶ, ಎಂ.ಎಸ್. ಚಂದ್ರಶೇಖರ ಮೊದಲಾದವರು ಇದರಲ್ಲಿ ತೊಡಗಿದ್ದರು. ಮೈಸೂರು ನಗರದ ಹಿನ್ನೆಲೆ ವಿಕಿರಣದ ಬಗ್ಗೆ ಅವರ ಪ್ರಬಂಧ 2003ರಲ್ಲಿ ಹೊರಬಂತು. 2014ರಲ್ಲಿ ಮಂಡ್ಯ ಸೀಮೆಯ ಕುಡಿಯುವ ನೀರಿನ ರೇಡಾನ್ ಬಗ್ಗೆ ಇನ್ನೊಂದು. ಇಂಥ ಕೆಲಸದಲ್ಲಿ ಅರ್ಧ ಭಾಗ ಭೌತಶಾಸ್ತ್ರವಾದರೆ ಇನ್ನರ್ಧ ಮನೆಯವರನ್ನು ಒಪ್ಪಿಸುವುದು. ಮಾಟವೋ ಎಂದು ಹೆದರುವವರು, ಗವರ್ಮೆಂಟಿನವರು ಕಂದಾಯ ಹೆಚ್ಚಿಸುತ್ತಾರೆ ಎನ್ನುವವರು, ಎಲ್ಲರೂ ಸಿಗುತ್ತಾರೆ ಎಂದಳು ನಮ್ಮ ಹುಡುಗಿ.

ಮೂರು ತಿಂಗಳಾದ ಮೇಲೆ ನಮ್ಮ ಡಬ್ಬಿ ಇಳಿಯಿತು. ಹೆದರುವ ಮಟ್ಟವೇನಿಲ್ಲ ಆಂಟಿ ಎಂದಳು. ನಾನು ತಡೆಯಲಾರದೆ ಚಿಕ್ಕವ್ವನ ವಿಷಯ ಹೇಳಿ, ಬೆಳಕವಾಡಿಯ ಮನೆಗೂ ಒಂದು ಕೊಡುತ್ತೀಯಾ ಎಂದೆ. ಅವಳ ಪಟ್ಟಿಯಲ್ಲಿ ಆ ಊರಿರಲಿಲ್ಲ. ಆದರೂ ಒಂದು ಹೆಚ್ಚಿನ ಡಬ್ಬಿ ಕೊಟ್ಟಳು, ಜೊತೆಗೆ ಒಂದು ಮಾತು: "ಆದರೆ ಅವರು ಯಾಕೆ ಹೋದರು ಅಂತ ಇದು ಹೇಳೋದಿಲ್ಲ. ಈಗಿನ ಗಾಳಿ ಹೇಗಿದೆ ಅಂತ ಅಷ್ಟೇ ಹೇಳುತ್ತೆ." ಅದು ನನಗೂ ಗೊತ್ತಿತ್ತು. ಒಲೆಯ ಹೊಗೆಯೋ, ಮಾವನ ಬೀಡಿಯೋ, ನೆಲದ ಅನಿಲವೋ, ಮೂರೂ ಸೇರಿಯೋ. ಶ್ವಾಸಕೋಶದ ಕ್ಯಾನ್ಸರುಗಳಲ್ಲಿ ದೇಶದೇಶಕ್ಕೆ ನೂರಕ್ಕೆ 3ರಿಂದ 14ರವರೆಗೆ ರೇಡಾನಿನಿಂದ ಬಂದವು ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಆ ನೂರರಲ್ಲಿ ಚಿಕ್ಕವ್ವ ಎಷ್ಟನೆಯವಳು ಎಂದು ಯಾರು ಹೇಳಬೇಕು? ಗೊತ್ತಿದ್ದೂ ಡಬ್ಬಿಯನ್ನು ಸೀರೆಗಳ ನಡುವೆ ಇಟ್ಟುಕೊಂಡು ಬಸ್ಸು ಹತ್ತಿದೆ.

2000ದ ಜನವರಿಯಲ್ಲಿ ಅದನ್ನು ಒಳಕೋಣೆಯಲ್ಲಿ, ಚಿಕ್ಕವ್ವನ ಮಂಚವಿದ್ದ ಜಾಗದ ಮೇಲೆ, ತೊಲೆಗೆ ಕಟ್ಟಿದೆ. ಮಾವ ಬಾಗಿಲಲ್ಲಿ ನಿಂತು ನೋಡಿದ. ಆಗ ಅವನಿಗೆ ಎಂಬತ್ತು ದಾಟಿತ್ತು. ಬೀಡಿ ಬಿಟ್ಟು ಹನ್ನೆರಡು ವರ್ಷವಾಗಿತ್ತು.

"ಇದು ಅವಳು ಯಾಕೆ ಸತ್ಲು ಅಂತ ಯೋಳ್ತದಾ?"

"ಇಲ್ಲ ಮಾವ. ಗಾಳಿ ಅಳೀತದೆ ಅಷ್ಟೆ."

"ನನ್ ಬೀಡಿಯಿಂದಲ್ಲ ಅಂತ ಯೋಳುದ್ರೆ ಒಂದು ಕಾಗ್ದ ಬರಿ," ಎಂದು ತೊಟ್ಟಿಗೆ ನಡೆದ.

ಏಪ್ರಿಲ್ ಕೊನೆಗೆ ಹೋದರೆ ತೊಲೆಯಲ್ಲಿ ದಾರ ಮಾತ್ರ ಇತ್ತು. ಮಾವನ ಸೊಸೆ ಕೈ ಒರೆಸಿಕೊಳ್ಳುತ್ತ ಬಂದಳು. "ಅಯ್ಯೋ ಅಕ್ಕ, ಯುಗಾದಿಗೆ ಸುಣ್ಣ ಹೊಡ್ಯುವಾಗ ಇಳಿಸಿ ಕಿಟ್ಕಿ ಮ್ಯಾಲೆ ಮಡಗಿದ್ದೆ ಕಣಕ್ಕ. ಮಗ ತಕ್ಕೊಂಡು ಬಿಚ್ಚಾಕಿದೆ." ಆರು ವರ್ಷದ ಅವಳ ಮಗಳು ಓಡಿಬಂದು ಕೆಂಪು ಫಿಲ್ಮಿನ ಚೂರನ್ನು ಕಣ್ಣಿಗಿಟ್ಟುಕೊಂಡು ಆಕಾಶ ತೋರಿಸಿದಳು. "ದೊಡ್ಡವ್ವ, ಇದ್ರಲ್ಲಿ ನೋಡುದ್ರೆ ಸೂರ್ಯ ಕೆಂಪಗೆ ಕಾಣ್ತಾನೆ!"

ಬೈಯಲು ಬಾಯಿ ಬರಲಿಲ್ಲ. ಸಂಶೋಧನೆಯ ಹುಡುಗಿಗೆ ಹೇಳಿದಾಗ ಅವಳು ಬೇಸರ ಮಾಡಿಕೊಳ್ಳಲಿಲ್ಲ. ಗಾಯಗಳು ಅದರಲ್ಲಿ ಇದ್ದೇ ಇರುತ್ತವೆ, ಆದರೆ ಕೋಣೆಯವು ಯಾವುದು, ಅಂಗಳದವು ಯಾವುದು ಎಂದು ಬಿಡಿಸಲು ಆಗುವುದಿಲ್ಲ ಎಂದಳು. ಇನ್ನೊಂದು ಕೇಳಲು ನನಗೆ ನಾಚಿಕೆಯಾಯಿತು. ಮಾವ ಮರುವರ್ಷ ತೀರಿಕೊಂಡ. ಕಾಗದ ಬರೆಯುವ ಪ್ರಸಂಗ ಬರಲಿಲ್ಲ.

2012ರಲ್ಲಿ ತೊಟ್ಟಿಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿದರು. ಒಳಕೋಣೆ ಈಗಿಲ್ಲ. ಬಿರುಕು ಬಿಡದ ಟೈಲ್ಸಿನ ನೆಲ, ಗ್ಯಾಸಿನ ಒಲೆ, ಬೋರ್‌ವೆಲ್ ನೀರು. ಆಳದ ಕಲ್ಲಿನ ಸಂದಿನ ನೀರಿನಲ್ಲಿ ರೇಡಾನ್ ಕರಗಿ ಬರುತ್ತದೆ, ಹರಿಯುವ ಹೊಳೆಯ ನೀರಿನಲ್ಲಿ ಅದು ಗಾಳಿಗೆ ಹಾರಿಹೋಗಿರುತ್ತದೆ. ನೀರನ್ನು ಕುದಿಸಿದರೂ ಹಾರಿಹೋಗುತ್ತದೆ. ಅಡುಗೆಮನೆಯ ಗಾಳಿ ಆಡುತ್ತಿರಬೇಕು ಅಷ್ಟೆ. ಹೋದ ಸಲ ಹೋದಾಗ ಸೊಸೆ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸುತ್ತಿದ್ದಳು. ಕಿಟಕಿ ಮುಚ್ಚಿತ್ತು. ನಾನೇ ಎದ್ದು ತೆಗೆದೆ.

"ಟ್ರ್ಯಾಕ್ಟರ್ ಧೂಳು ಬತ್ತದೆ ಕಣಕ್ಕ," ಎಂದು ಅವಳು ಮುಚ್ಚಿದಳು.

ಸ್ವಲ್ಪ ಹೊತ್ತು ಬಿಟ್ಟು, ಅವಳು ಸೊಪ್ಪು ತರಲು ಹಿತ್ತಿಲಿಗೆ ಹೋದಾಗ, ಮತ್ತೆ ತೆಗೆದೆ.